ಹತ್ತನೇ ತರಗತಿಯ ಖಾಲಿ ಜಾಗ

ಹೆಡ್‌ಮೇಡಂ ಅವರಿಗೆ ನಮಸ್ಕಾರ.

ಓದು ತಲೆಗೆ ಹತ್ತದೆ ಶಾಲೆ ಬಿಟ್ಟೆ ಎಂದಿದ್ದೆನಲ್ಲ, ಅದು ಸುಳ್ಳು. ತಂಗಿಯನ್ನು ಒಂದನೇ ತರಗತಿಗೆ ಸೇರಿಸಲು ಬಂದ ಅಮ್ಮನಿಗೆ ನೀವು, "ಹೊಸ ಬಡಾವಣೆ ಮಕ್ಕಳೇ ತುಂಬ್ಕೊಂಡಿದ್ದಾರಮ್ಮ, ಯಾರಾದ್ರೂ ಬಿಟ್ರೆ ನೋಡೋಣ" ಎಂದಿರಿ. ಹಾಗಾಗಿ ನಾನೇ ಬಿಟ್ಟೆ. ಹತ್ತನೇ ತರಗತಿಯಲ್ಲಿ ಖಾಲಿಯಾದ ಜಾಗ ಒಂದನೇ ತರಗತಿಯವರಿಗೆ ಸಿಗುವುದಿಲ್ಲವೆಂದು ನನಗೆ ಹೊಳೆಯಲೇ ಇಲ್ಲ. ಆಮೇಲೆ ನಾಚಿಕೆಯಾಗಿ ಬಾಯಿಬಿಡಲಿಲ್ಲ.

ಶಾಲೆಯ ಹಿಂದೆ ಏಳುತ್ತಿರುವ ಮನೆಗಳ ಕಟ್ಟಡಕ್ಕೆ ಇಷ್ಟು ದಿನ ಇಟ್ಟಿಗೆ ಹೊತ್ತೆ. ಅಲ್ಲಿಗೂ ಸಂಸಾರಗಳು ಬರುತ್ತವೆ. ಹೊಸ ಕೊಠಡಿ ಕೇಳಿ ಮೇಲಿನವರಿಗೆ ಬರೆಯುವಾಗ ಆ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಂಗಿ ನನ್ನ ಚೀಲ ಹೊತ್ತು ದಿನವೂ ಗೇಟಿನ ಬಳಿ ಬರುತ್ತಾಳೆ, ಗದರಬೇಡಿ. "ನಿನ್ನ ಜಾಗದಲ್ಲಿ ಈಗ ಯಾರಣ್ಣ ಕೂತಿರೋದು?" ಎಂದು ಕೇಳುತ್ತಾಳೆ.

ಬೇರೆ ಊರಿನ ಕಟ್ಟಡದ ಕೆಲಸಕ್ಕೆ ನಾಳೆ ಹೊರಡುತ್ತಿದ್ದೇನೆ.

ಇತಿ,
ನಿಮ್ಮ ಕೊನೇ ಬೆಂಚಿನವನು