ಅಪ್ಪನ ಮೂಲೆಮಟ್ಟ

ಮಾರ್ಚ್ ೧೨, ಭಾನುವಾರ

ಪ್ರೀತಿಯ ಅಣ್ಣನಿಗೆ ತಮ್ಮನ ನಮಸ್ಕಾರ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈದುಕೋ. ಕೈಗೆ ಬಿಡುವಿರಲಿಲ್ಲ ಅಂದರೆ ಸುಳ್ಳಾಗುತ್ತದೆ, ಮನಸ್ಸಿಗೆ ಇರಲಿಲ್ಲ. ಅಮ್ಮನ ಮಂಡಿನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಜೋರು.

ಹೋದ ಭಾನುವಾರ ನಿನ್ನ ಫ್ರೀಮೇಸನ್ನರ ಕಟ್ಟಡಕ್ಕೆ ಹೋಗಿದ್ದೆ, ಕಲ್ಲುಕುಟಿಗರ ಹೆಸರನ್ನೂ ಗುರುತುಗಳನ್ನೂ ಇಟ್ಟುಕೊಂಡ ನಿಮ್ಮ ಆ ಗುಟ್ಟಿನ ಸಂಘ ಸೇರುವ ಲಾಡ್ಜ್‌ಗೆ. ವರ್ಷಕ್ಕೊಂದು ದಿನ ಊರಿನವರಿಗೆಲ್ಲ ಬಾಗಿಲು ತೆರೆಯುತ್ತಾರಲ್ಲ, ಆ ದಿನ. "ಲಾಡ್ಜ್ ನೋಡ್ಕೊಂಡು ಬರ್ತೀನಮ್ಮ" ಅಂದರೆ, "ಯಾಕೋ, ಮನೇಲಿ ಮಲಗೋಕೆ ಜಾಗ ಇಲ್ವಾ?" ಅಂದಳು.

ಒಂದು ಕರಪತ್ರ ಅವರನ್ನು ಬಡವರ ಶತ್ರುಗಳು ಅನ್ನುತ್ತದೆ, ಇನ್ನೊಂದು ದೊರೆಯೂ ಕೂಲಿಯೂ ಸಮನಾಗಿ ನಿಲ್ಲುವ ಜಾಗ ಅದು ಅನ್ನುತ್ತದೆ. ಕೈಗೆ ಸಿಕ್ಕ ಕರಪತ್ರವನ್ನೆಲ್ಲ ಓದುವ ನಾನು ಎರಡನ್ನೂ ನಂಬಿದವನು. ಜಗಳಕ್ಕೆ ಸಿದ್ಧನಾಗಿಯೇ ಹೋದೆ. ಆದರೆ ಆ ಕಪ್ಪು ಬಿಳಿ ಚೌಕಗಳ ನೆಲ ನೋಡಿ, ಕೂತು ಬೆರಳಿನಿಂದ ಸವರಿದೆ. ಒಂದು ಸಂದೂ ಕಾಣದ ಹಾಗೆ ಹಾಸಿದ್ದಾರೆ. ಹಾಸಿದವನ ಹೆಸರು ಎಲ್ಲೂ ಇಲ್ಲ. ಗೋಡೆ ತುಂಬ ಕಲ್ಲು ಮುಟ್ಟದ ವಕೀಲರು, ವೈದ್ಯರು, ನಿನ್ನಂಥ ಎಂಜಿನಿಯರ್‌ಗಳ ಫೋಟೊ. ಎಲ್ಲರ ಸೊಂಟಕ್ಕೂ ಕಲ್ಲುಕುಟಿಗರ ಏಪ್ರನ್, ಅದೂ ಇಸ್ತ್ರಿ ಮಾಡಿದ್ದು! ಒಂದರಲ್ಲಿ ಯಾರೋ ನಿನ್ನ ಭುಜದ ಮೇಲೆ ಕೈ ಹಾಕಿ ನಿಂತಿದ್ದಾನೆ. ನನ್ನ ಜೊತೆ ಹಾಗೆ ಒಂದಾದರೂ ಫೋಟೊ ತೆಗೆಸಿಕೊಂಡಿದ್ದೀಯಾ?

ಕಟ್ಟಡ ತೋರಿಸುತ್ತಿದ್ದ ಮುದಿ ವಕೀಲರು ಒಂದು ಮರದ ಪೆಟ್ಟಿಗೆ ತೆರೆದರು. "ಹೊಸಬರು ಸೇರೋಕೆ ಅರ್ಜಿ ಹಾಕಿದ್ರೆ ನಾವೆಲ್ಲ ಗುಟ್ಟಾಗಿ ಇದರೊಳಗೆ ಗೋಲಿ ಹಾಕ್ತೀವಿ. ಬೇಕು ಅಂದ್ರೆ ಬಿಳಿ ಗೋಲಿ, ಬೇಡ ಅಂದ್ರೆ ಕರಿ. ಒಂದೇ ಒಂದು ಕರಿ ಬಿದ್ರೂ ಮುಗೀತಪ್ಪ. ಆದ್ರೆ ಗುರುತಿಲ್ಲದೋರಿಗೆ ಯಾರೂ ಕರಿ ಹಾಕೋ ಹಾಗಿಲ್ಲ. ಅದು ನಮ್ಮಲ್ಲಿನ ಪದ್ಧತಿ" ಅಂದರು. ಒಂದು ಕರಿ ಗೋಲಿ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ತಣ್ಣಗಿತ್ತು.

ಆಮೇಲೆ ಗಾಜಿನ ಕಪಾಟಿನಲ್ಲಿ ಅದನ್ನು ಕಂಡೆ. ಅಪ್ಪನ ಮೂಲೆಮಟ್ಟ, ಗೋಡೆಯ ಮೂಲೆ ನೇರವಿದೆಯೇ ಎಂದು ಅಪ್ಪ ಇಟ್ಟು ನೋಡುತ್ತಿದ್ದ ಆ ಎರಡು ತೋಳಿನ ಕಬ್ಬಿಣದ ಪಟ್ಟಿ. ಅಪ್ಪ ಹೋದ ಮೇಲೆ ನಾನೂ ಅಮ್ಮನೂ ಅದಕ್ಕಾಗಿ ಅಟ್ಟವೆಲ್ಲ ಜಾಲಾಡಿದಾಗ ಏಣಿ ಹಿಡಿದುಕೊಂಡು ನಿಂತವನು ನೀನು!

"ನಮ್ಮ ಸೋದರರೊಬ್ಬರ ಕಾಣಿಕೆ. ನೇರ ನಡತೆಯ ಗುರುತು" ಅಂದರು ವಕೀಲರು.

"ಅದು ನೇರ ಇಲ್ಲ, ಸಾರ್" ಅಂದೆ. ನಕ್ಕುಬಿಟ್ಟರು.

ನಿನಗೂ ಇದು ಗೊತ್ತಿರಲಿಕ್ಕಿಲ್ಲ. ನೀನು ಓದುತ್ತಿದ್ದೆ, ಅಪ್ಪನ ಜೊತೆ ಕಲ್ಲು ಹೊತ್ತವನು ನಾನು. ಒಮ್ಮೆ ಆ ಮೂಲೆಮಟ್ಟ ಮೇಲಿನ ಹಲಗೆಯಿಂದ ಬಿದ್ದಾಗ ಅದರ ಬಾಯಿ ಕೂದಲೆಳೆಯಷ್ಟು ಅಗಲವಾಯಿತು. ಅಪ್ಪ ಹೊಸದು ತರಲಿಲ್ಲ. ಪ್ರತಿ ಮೂಲೆಯನ್ನೂ ಅಷ್ಟೇ ಒಳಗೆಳೆದು ಕಟ್ಟುತ್ತಿದ್ದ. ನನಗೂ ಹಾಗೇ ಕಲಿಸಿದ. ಈಗ ಸರಿಯಾದ ಮೂಲೆಮಟ್ಟ ಹಿಡಿದರೂ ನನ್ನ ಕೈ ತಾನಾಗಿ ಒಳಗೆಳೆಯುತ್ತದೆ. "ಮತ್ತೆ ಮೂಲೆ ಕೆಡಿಸಿದ್ಯಲ್ಲೋ, ಕರಪತ್ರ!" ಎಂದು ಮೇಸ್ತ್ರಿ ಗೋಡೆ ಒಡೆಸುತ್ತಾನೆ. ಇನ್ನೊಂದು ಸಲ ಆದರೆ ಕೆಲಸದಿಂದ ತೆಗೆಯುತ್ತಾನಂತೆ. ಆ ಸೊಟ್ಟ ಮೂಲೆಮಟ್ಟ ಹಿಡಿದರೆ ಮಾತ್ರ ನನ್ನ ಮೂಲೆ ನೇರ ಬರುತ್ತದೆ. ಅವರಿಗೆ ಅದು ಗಾಜಿನೊಳಗಿನ ಗುರುತು, ನನಗೆ ಅನ್ನ. ಅವರಿಗೊಂದು ಮಾತು ಬರೆದು ವಾಪಸ್ ಕೊಡಿಸು.

ಅತ್ತಿಗೆಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಅಮ್ಮನ ಆಶೀರ್ವಾದ ಎಲ್ಲರಿಗೂ ಇದೆ. ಅದರಲ್ಲೂ ನಿನ್ನ ಪಾಲು ಎಂದಿನಂತೆ ದೊಡ್ಡದು.

ನಿನ್ನ ತಮ್ಮ

ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದೆ. ನೀನು ವರ್ಗವಾಗಿ ಹೋಗುವ ಹಿಂದಿನ ವರ್ಷ, ಎಲ್ಲರೂ ಸಮ ಅನ್ನುವ ಆ ಎರಡನೆಯ ಕರಪತ್ರ ನಂಬಿ ನಾನೂ ಅಲ್ಲಿಗೆ ಅರ್ಜಿ ಹಾಕಿದ್ದೆ. ನಿನ್ನ ಪಕ್ಕ ನಿಲ್ಲಬಹುದು ಅಂತ. ಒಂದು ಕರಿ ಗೋಲಿ ಬಿತ್ತಂತೆ. ಆ ಕೋಣೆಯಲ್ಲಿ ನನ್ನ ಗುರುತಿದ್ದವನು ನೀನೊಬ್ಬನೇ, ಅಣ್ಣ.