ಹೊಲಿಯದೆ ಬಿಟ್ಟ ಮೂಲೆ

ಅಕ್ಟೋಬರ್ 13, ಸೋಮವಾರ
ಇವತ್ತೂ ಬಿಸಿನೀರಿಲ್ಲ. ಫಸ್ಟ್ ಅವರ್ ಟೆಕ್ಸ್‌ಟೈಲ್ಸ್. ಸೆಮಿಸ್ಟರ್ ಪ್ರಾಜೆಕ್ಟ್ ಕೊಟ್ಟರು — ಸಾಂಪ್ರದಾಯಿಕ ಬ್ಲಾಕ್ ವಿನ್ಯಾಸ ಒಂದನ್ನು ಆರಿಸಿ, ಹಳೆ ಬಟ್ಟೆಯ ತುಂಡುಗಳಲ್ಲಿ ಮಗುವಿನ ಕ್ವಿಲ್ಟ್, ಅಂದರೆ ಕೌದಿ. ಲಾಗ್ ಕ್ಯಾಬಿನ್ ಆರಿಸಿದೆ, ಮರದ ದಿಮ್ಮಿಯ ಮನೆ. ನಡುವೆ ಕೆಂಪು ಚೌಕ, ಸುತ್ತ ಪಟ್ಟಿಗಳು, ಅರ್ಧ ತಿಳಿ ಬಣ್ಣ, ಅರ್ಧ ಗಾಢ. ಕೆಂಪು ಚೌಕ ಅಂದರೆ ಮನೆಯ ಒಲೆಯಂತೆ.
"ನಮ್ಮಲ್ಲಿ ಇಂಡಕ್ಷನ್ ಮಾರಾಯ್ತಿ, ಕಪ್ಪು ಹಾಕ್ಬೇಕಾದೀತು," ಅಂದಳು ರೂಂಮೇಟ್ ವಿಸ್ಮಿತಾ.
ಯಾರ ಮಗುವಿಗೆ ಅಂತ ಮ್ಯಾಮ್ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಅಕ್ಕನಿಗೆ, ಅತ್ತಿಗೆಗೆ... ಕಸಿನ್‌ಗೆ ಅಂದೆ ನಾನು.
ಸುಳ್ಳು. ಅಮ್ಮನಿಗೆ. ನಲವತ್ತೆರಡನೇ ವಯಸ್ಸಿಗೆ, ಐದು ತಿಂಗಳು. ವಿಸ್ಮಿತಾಳಿಗೂ ಹೇಳಿಲ್ಲ.

ಅಕ್ಟೋಬರ್ 19, ಸಿದ್ಧಕಟ್ಟೆ
ದೀಪಾವಳಿ ರಜೆ. ಅಮ್ಮ ಮಸ್ಕತ್‌ನಿಂದ ಪರ್ಮನೆಂಟಾಗಿ ಬಂದಾಗಿದೆ. ಪಪ್ಪ ಅಲ್ಲೇ, ಹೋಟೆಲಿನ ಕೆಲಸದಲ್ಲಿ. ಅಮ್ಮನ ಕಾಲು ಊದಿದೆ. ಬಿಪಿ.
ಊಟದ ಹೊತ್ತಿಗೆ ಅಜ್ಜಿಗೆ ಹೇಳುತ್ತಿದ್ದಳು, "ಇದನ್ನು ಇಲ್ಲೇ ಸಾಕ್ತೇನೆ. ಶಾಲೆಯೂ ಇಲ್ಲೇ. ಎಲ್ಲಿಗೂ ಕಳಿಸುವುದಿಲ್ಲ."
ನಾನು ಸಾರು ಬಡಿಸಿಕೊಂಡೆ. ನನ್ನನ್ನು ನಾಲ್ಕನೇ ಕ್ಲಾಸಿಗೆ ಮೂಡುಬಿದಿರೆಯ ಹಾಸ್ಟೆಲಿಗೆ ಹಾಕಿದ್ದರು. ಮಸ್ಕತ್‌ನ ಫ್ಲ್ಯಾಟ್ ಚಿಕ್ಕದು, ಇಬ್ಬರಿಗೂ ಡ್ಯೂಟಿ. ಗೊತ್ತು. ಐ ನೋ.
ಕ್ವಿಲ್ಟ್ ವಿಷಯ ತೆಗೆದೆ. ಅಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು. "ಹುಟ್ಟುವ ಮೊದಲು ಮಗುವಿಗೆ ಎಂಥದ್ದೂ ಹೊಲಿಯುವ ಹಾಗಿಲ್ಲ."
"ಮಾರ್ಕ್ಸ್ ಉಂಟು ಅಜ್ಜಿ."
"ಮಾರ್ಕ್ಸನ್ನು ತೊಟ್ಟಿಲಲ್ಲಿ ಮಲಗಿಸ್ತೀಯಾ?" ಆಮೇಲೆ ಸ್ವಲ್ಪ ತಣ್ಣಗಾಗಿ, "ಹೊಲಿಯುವುದಾದ್ರೆ ಒಂದು ಮೂಲೆ ಬಿಡು. ಮುಗಿಯದ್ದು ಹೊಲಿದ ಹಾಗಲ್ಲ."


ಅಕ್ಟೋಬರ್ 22
ಅಟ್ಟದಿಂದ ನನ್ನ ಹಾಸ್ಟೆಲಿನ ಟ್ರಂಕ್ ಇಳಿಸಿದೆ. ನೀಲಿ ಪಿನಾಫೋರ್‌ಗಳು, ಪಿಟಿಯ ಬಿಳಿ ಅಂಗಿ, ರೆಡ್ ಹೌಸಿನ ಟೀ ಶರ್ಟ್. ಗಾಢ, ತಿಳಿ, ಒಲೆ — ಎಲ್ಲ ಅದರಲ್ಲೇ ಸಿಕ್ಕಿತು. ಒಗೆದೂ ಒಗೆದೂ ಮೆತ್ತಗಾಗಿವೆ.
ಪ್ರತಿಯೊಂದರ ಒಳಮೂಲೆಯಲ್ಲಿ ಕೆಂಪು ದಾರದ 112. ನನ್ನ ಲಾಂಡ್ರಿ ನಂಬರು. ನಂಬರಿಲ್ಲದ ಬಟ್ಟೆ ಒಗೆಯಲು ಹೋದರೆ ವಾಪಸ್ ಬರುತ್ತಿರಲಿಲ್ಲ. ಮೊದಲ ಸಲ ಎಲ್ಲವನ್ನೂ ಅಮ್ಮನೇ ಹೊಲಿದಿದ್ದಳು, ಫ್ಲೈಟಿನ ಹಿಂದಿನ ದಿನ. ಕರ್ಚೀಫಿಗೂ. ಆಮೇಲಿನವನ್ನು ನಾನೇ. ಕಣ್ಣು ಮುಚ್ಚಿಯೂ ಹಾಕಬಲ್ಲೆ.
ನಂಬರಿನ ತುಂಡುಗಳನ್ನೆಲ್ಲ ಕತ್ತರಿಸಿ ಬಿಸಾಡಿದೆ.

ನವೆಂಬರ್ 16
ಜೋಡಿಸುವ ಹೊಲಿಗೆಯ ಕಾಲು ಇಂಚಿನ ಸೀಮ್ ಒಂದು ಕಡೆ ತಪ್ಪಿದರೆ ಇಡೀ ಬ್ಲಾಕ್ ಸೊಟ್ಟ. ನಡುವಿನಿಂದ ಹೊರಗೆ ಬರುತ್ತಾ ತಪ್ಪೂ ದೊಡ್ಡದಾಗುತ್ತದೆ. ಬಿಚ್ಚುವುದು, ಹೊಲಿಯುವುದು. ಉಗುರು ಕಚ್ಚಿ ರಕ್ತ ಬಂತು.
"ಇದು ಮನೆಯಾ, ಭೂಕಂಪವಾ?" ವಿಸ್ಮಿತಾ ಕೇಳಿದಳು. ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಡಿಸೆಂಬರ್ 12
ಸಬ್ಮಿಟ್ ಮಾಡಿದೆ. "ಈ ಮೂಲೆಯಲ್ಲಿ ಅಂಚಿನ ಬೈಂಡಿಂಗ್ ಎಲ್ಲಿ? ಇನ್‌ಕಂಪ್ಲೀಟ್," ಅಂದರು ಮ್ಯಾಮ್. ಮಾರ್ಕ್ಸ್ ಹೋಯಿತು. ಅಜ್ಜಿ ಹೇಳಿದ್ದು ಅಂತ ಹೇಗೆ ಹೇಳುವುದು?
ಸಂಜೆ ಫೋನ್. ಅಮ್ಮನನ್ನು ಅಡ್ಮಿಟ್ ಮಾಡಿದ್ದಾರೆ. ಬಿಪಿ ಇಳಿಯುತ್ತಿಲ್ಲ. ಮೂಲೆ ಬಿಟ್ಟಿದ್ದೆನಲ್ಲ... ಅಷ್ಟು ಸಾಲದಾ? ಇನ್ನೂ ಜಾಸ್ತಿ ಬಿಡಬೇಕಿತ್ತಾ?

ಜನವರಿ 6
ಗಂಡು. ಒಂದು ತಿಂಗಳು ಮೊದಲೇ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಅಂಗೈಯಷ್ಟು ಬೆನ್ನು.
ಅಜ್ಜಿ ನನ್ನ ಬ್ಯಾಗನ್ನೇ ನೋಡುತ್ತಿದ್ದರು. ಅದರಲ್ಲಿ ಏನಿದೆ ಅಂತ ಅವರಿಗೆ ಗೊತ್ತು.

ಜನವರಿ 17, ಆಸ್ಪತ್ರೆ
ನಾಳೆ ಮಗುವನ್ನು ಅಮ್ಮನ ಕೈಗೆ ಕೊಡುತ್ತಾರಂತೆ. "ಇನ್ನು ಮುಗಿಸು," ಅಂದರು ಅಜ್ಜಿ. ಕಾರಿಡಾರಿನ ಬೆಂಚಿನಲ್ಲಿ ಕೂತು ಮೂಲೆ ಹೊಲಿದೆ. ಸೂಜಿಯಲ್ಲಿ ಕೆಂಪು ದಾರವೇ ಇತ್ತು. ಟ್ರಾಲಿಗಳು ಹೋಗುತ್ತಿದ್ದವು, ನಾನು ಗಾಜಿನ ಕಡೆ ನೋಡುತ್ತಿದ್ದೆ. ಕೈ ತನ್ನಷ್ಟಕ್ಕೆ ಓಡಿತು. ಮಡಚಿ ಕೊಟ್ಟೆ.

ಜನವರಿ 25, ಭಾನುವಾರ, ಸಿದ್ಧಕಟ್ಟೆ
ಬೆಳಿಗ್ಗೆ ಅಮ್ಮ ಕ್ವಿಲ್ಟನ್ನು ಬಿಸಿಲಿಗೆ ಹಾಕಲು ತೆಗೆದವಳು ಅಲ್ಲೇ ಕೂತಳು. ಆ ಮೂಲೆಯನ್ನು ಬೆರಳಿನಲ್ಲಿ ಸವರುತ್ತಿದ್ದಳು. ಒಳಬದಿಯಲ್ಲಿ, ಕೆಂಪಿನಲ್ಲಿ — 112.
"ಇದು ಯಾಕೆ?"
ನಾನೂ ಆಗಲೇ ನೋಡಿದ್ದು. "ಗೊತ್ತಿಲ್ಲ ಅಮ್ಮ. ಕೈ ಹಾಕಿತು."
"ಇವನನ್ನೂ ಕಳಿಸ್ತೇನೆ ಅಂತ ಗ್ರಹಿಸಿದ್ಯಾ?"
"ಅಲ್ಲ. ನಂಬರಿಲ್ಲದಿದ್ರೆ ಕಳೆದುಹೋಗ್ತದೆ."
"ಎಂಥ ನಂಬರು? ಮೊಬೈಲಿನದ್ದಾ?" ಅಜ್ಜಿ ಒಳಗಿನಿಂದ ಕೇಳಿದರು.
ಅಮ್ಮ ಕತ್ತರಿ ತಂದಳು. ಮೊದಲ ಅಂಕಿ ಬಿಚ್ಚಿದಳು. ಬಿಚ್ಚುತ್ತಲೇ ಕೇಳಿದಳು, "ಅಲ್ಲಿ ರಾತ್ರಿ ಅಳ್ತಿದ್ದೆಯಾ?"
ಇಷ್ಟು ವರ್ಷದಲ್ಲಿ ಮೊದಲ ಸಲ.
"ಸುರುವಿಗೆ."
"ಯಾರು ಬರ್ತಿದ್ರು?"
"ಯಾರೂ ಇಲ್ಲ."
ಅವಳು ಇನ್ನೊಂದು ಎಳೆ ಎತ್ತಲು ನೋಡಿದಳು. ಆಗಲಿಲ್ಲ. "ಕಣ್ಣು ಕಾಣುವುದಿಲ್ಲ. ಉಳಿದದ್ದು ನೀನೇ ತೆಗಿ," ಅಂತ ಕತ್ತರಿ ನನ್ನ ಕೈಗಿಟ್ಟು ಎದ್ದು ಹೋದಳು.
ಬೇಕಂತ ಹಾಕಿದ್ದಲ್ಲ. ಅಲ್ಲ ಅಂತ ಅನಿಸುತ್ತದೆ... ಪೂರ್ತಿ ಗೊತ್ತಿಲ್ಲ.

ಮಧ್ಯಾಹ್ನ
ಇನ್ನೂ ತೆಗೆದಿಲ್ಲ. ಅಜ್ಜಿ ಮಗುವನ್ನು ಅದರ ಮೇಲೇ ಮಲಗಿಸಿ ತೋಟದ ಕಡೆ ಹೋದರು. ಆ ಮೂಲೆ ಅವನ ಬೆನ್ನಿನ ಕೆಳಗಿದೆ. ಎಬ್ಬಿಸದೆ ಆಗುವುದಿಲ್ಲ. ಕತ್ತರಿ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಮ್ಮ ಬಚ್ಚಲಿನಲ್ಲಿ, ನೀರಿನ ಸದ್ದು. ಅವಳಿಗೆ ಏನೂ ಕೇಳಿಸುವುದಿಲ್ಲ.
ಈಗ ಮಿಸುಕಿದ. ಬಾಯಿ ಸೊಟ್ಟ ಮಾಡಿದ. ಅಳು ಶುರುವಾಯಿತು. ಯಾರೂ ಇಲ್ಲ, ನಾನೇ ಎತ್ತಿ...