ಸಣ್ಣ ಪಾತ್ರೆಯ ಅಡುಗೆ

ಮಾವನವರಿಗೆ ಸೊಸೆಯ ನಮಸ್ಕಾರಗಳು.

ನೀವು ಮಗಳ ಮನೆಗೆ ಹೊರಟ ಮರುದಿನವೂ ಕೈ ಅಭ್ಯಾಸದಲ್ಲಿ ನಿಮ್ಮ ಪಥ್ಯದ ಸಣ್ಣ ಪಾತ್ರೆಯನ್ನು ಒಲೆಗಿಟ್ಟುಬಿಟ್ಟೆ. ಚೆಲ್ಲಲು ಮನಸ್ಸಾಗದೆ ನಾನೇ ಬಡಿಸಿಕೊಂಡು ಕೂತೆ. ಎರಡನೆಯ ತುತ್ತು ಗಂಟಲಿಗಿಳಿಯಲಿಲ್ಲ. ವರ್ಷವಿಡೀ ನಿಮಗೆಂದು ಬೇಯಿಸಿದ್ದನ್ನು ನಾನು ಒಮ್ಮೆಯೂ ರುಚಿ ನೋಡಿರಲಿಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ. ಉಪ್ಪೇ ತಿನ್ನದ ನೀವು ತುತ್ತಿಗೊಮ್ಮೆ ನೀರು ಕುಡಿದು ನುಂಗುತ್ತಿದ್ದಿರಿ. ಎದುರಿಗೇ ಕೂತು ನಾವು ಬಾಯಿ ಚಪ್ಪರಿಸುತ್ತಿದ್ದೆವು. ಅವತ್ತು ನೀವು ಮೊಮ್ಮಗಳ ತಟ್ಟೆಗೆ ಕೈ ಹಾಕಿದಾಗ, ನೆಂಟರ ಮುಂದೆಯೇ, "ಈ ವಯಸ್ಸಲ್ಲೂ ನಾಲಿಗೆ ಚಪಲವಾ ಮಾವ?" ಅಂದುಬಿಟ್ಟೆ. ನೀವು ಎದ್ದು ಕೈ ತೊಳೆದುಕೊಂಡಿರಿ.

ಬಿ.ಪಿ.ಗೆ ಡಾಕ್ಟರು ಹೇಳಿದ್ದು ಉಪ್ಪು ಕಮ್ಮಿ ಮಾಡಿ ಅಂತ ಅಷ್ಟೇ. ಉಪ್ಪನ್ನು ಪೂರ್ತಿ ನಿಲ್ಲಿಸಿ, ನಿಂಬೆ, ಮೆಣಸು, ಬೆಳ್ಳುಳ್ಳಿಯನ್ನೂ ಬಿಡಿಸಿದವಳು ನಾನು. ರುಚಿಯಿದ್ದರೆ ಅದು ಪಥ್ಯವೇ ಅಲ್ಲ ಅಂದುಕೊಂಡಿದ್ದೆ.

ಭಾನುವಾರ ನಿಮ್ಮ ಮಗನನ್ನು ಕಳಿಸುತ್ತೇನೆ, ಬಂದುಬಿಡಿ. ಮಾತ್ರೆಯ ಡಬ್ಬಿ ಮರೆಯಬೇಡಿ. ಇನ್ನು ಮೇಲೆ ಮನೆಮಂದಿಗೆಲ್ಲ ಒಂದೇ ಪಾತ್ರೆ. ಉಪ್ಪು ಕಮ್ಮಿ, ನಿಂಬೆಹಣ್ಣು ಧಾರಾಳ. ಬಾಯಿಗೆ ಹಿಡಿಸದಿದ್ದರೆ ಪಾತ್ರೆ ಎತ್ತಿ ನನ್ನ ಮುಂದೆ ಕುಕ್ಕಿ. ದಿನಾ ಹೇಳುತ್ತಿದ್ದ ಹಾಗೆ "ಚೆನ್ನಾಗಿದೆಯಮ್ಮ" ಅಂತ ಮಾತ್ರ ಅನ್ನಬೇಡಿ.

ಇಂತಿ,
ನಿಮ್ಮ ಸೊಸೆ